ಹುಳ ಇದ್ದಾಕಿ, ಇಲ್ಲದಾಕಿ

ಒಬ್ಬಾಕಿಯ ಹೊಟ್ಟೆಯಲ್ಲಿ ಹುಳ ಸಿಕ್ಕಿತು, ಇನ್ನೊಬ್ಬಾಕಿಯ ಹೊಟ್ಟೆಯಲ್ಲಿ ಸಿಗಲಿಲ್ಲ. ಸಿಗದಿದ್ದಾಕಿ ಸಿಕ್ಕಾಕಿಯನ್ನು ನೋಡಿ ಹೊಟ್ಟೆ ಉರಿದುಕೊಳ್ಳೋದು ಈ ಜಗತ್ತಿನಾಗ ಎಲ್ಲೆರ ಐತೇನು ಅಂತ ಪುಷ್ಪಾವತಿ ರೋಣದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ತನ್ನನ್ನು ತಾನೇ ಬೈದುಕೊಂಡಳು. ಬೈದುಕೊಂಡರೆ ಏನು ಬಂತು? ಉರಿಯುವುದು ಉರಿಯುತ್ತಲೇ ಇತ್ತು. ಗಜೇಂದ್ರಗಡದ ಬಸ್ಸು ಬಂತು. ಇಟಗಿ ಭೀಮವ್ವನ ಗುಡಿಗೆ ಹೊರಟ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಹತ್ತಿದರು. ಇವಳು ಎರಡು ಹೆಜ್ಜೆ ಹಿಂದೆ ಸರಿದು, ಎಲ್ಲರೂ ಹತ್ತಿ ಮುಗಿಯಲಿ ಅಂತ ಕಾದಳು. ಯಾರದಾದರೂ ಮೊಳಕೈ ತಾಗಿದರೆ ಸಾಕು, ಸಂಜೆಯೊಳಗೆ ಅಲ್ಲಿ ನೇರಳೆ ಹಣ್ಣಿನಷ್ಟು ಕಲೆ ಎದ್ದು ಕೂಡುತ್ತದೆ. ಎರಡು ವರ್ಷದಿಂದ ಹೀಗೇ. ಗಾಯವಾದಾಗ ರಕ್ತ ಕಟ್ಟಿ ನಿಲ್ಲಿಸುವ ಪ್ಲೇಟ್‌ಲೆಟ್ ಅನ್ನುವ ಕಣಗಳನ್ನು ಅವಳ ಮೈಯೇ ವೈರಿ ಅಂತ ತಿಳಿದು ಕೊಂದು ಹಾಕುತ್ತಿದೆಯಂತೆ. ಬೇರೆಯವರಿಗೆ ಒಂದೂವರೆ ಲಕ್ಷದ ಮೇಲಿರುವುದು ಇವಳಿಗೆ ಹದಿನೆಂಟು ಸಾವಿರ, ಚಲೋ ದಿನವಾದರೆ ಮೂವತ್ತು. "ನಿಮ್ಮ ಮೈಗೆ ನಮ್ಮವರು ಯಾರು, ಹೊರಗಿನವರು ಯಾರು ಅನ್ನೋದು ತಿಳೀವಲ್ದು" ಅಂತ ಹುಬ್ಬಳ್ಳಿಯ ರಕ್ತದ ಡಾಕ್ಟರು ಮೊದಲ ದಿನ ಹೇಳಿದಾಗ, ಅಯ್ಯ, ನನ್ನ ಮೈ ನಮ್ಮತ್ತಿಗಿಂತ ಕಡೀ ಆತಲ್ಲ ಅಂದುಕೊಂಡು ನಕ್ಕಿದ್ದಳು. ಆಗ ನಗು ಬರುತ್ತಿತ್ತು.

ಕಿಟಕಿ ಪಕ್ಕದ ಸೀಟು ಸಿಕ್ಕಿತು. ಸೆರಗನ್ನು ಎರಡೂ ಮುಂಗೈ ಮುಚ್ಚುವಂತೆ ಎಳೆದುಕೊಂಡು ಕೂತಳು. ಬರುವ ಗುರುವಾರ ಹುಬ್ಬಳ್ಳಿಯಲ್ಲಿ ಅವಳ ಹೊಟ್ಟೆ ಕೊಯ್ದು, ಎಡ ಪಕ್ಕೆಲುಬಿನ ಕೆಳಗಿರುವ ಗುಲ್ಮ ಅನ್ನುವ ಅಂಗ ತೆಗೆಯುವವರಿದ್ದಾರೆ. ಕಣಗಳು ಸಾಯುವುದು ಅಲ್ಲೇ ಅಂತೆ, ಆ ಜಾಗವನ್ನೇ ತೆಗೆದರೆ ಉಳಿದರೂ ಉಳಿಯಬಹುದಂತೆ. ಉಳಿಯದಿದ್ದರೆ? ಅದಕ್ಕೆ ಡಾಕ್ಟರು ಕನ್ನಡಕ ಒರೆಸಿಕೊಂಡಿದ್ದರು. ಆಪರೇಶನ್ನಿಗೆ ಮೊದಲು ಹಾಕುವ ಇಂಜೆಕ್ಷನ್ನುಗಳೆಲ್ಲ ಮುಗಿದಿದ್ದವು. ಗಂಡ ರಾಯಣ್ಣ ಲೈನ್‌ಮನ್ನು. ಮಳೆಯಲ್ಲೂ ಕಂಬ ಹತ್ತಿ ತಂತಿ ಹಿಡಿಯುವ ಗಂಡಸು, ಗುರುವಾರ ಅನ್ನುವ ಶಬ್ದ ಕಿವಿಗೆ ಬಿದ್ದರೆ ಅಂಗಿಯ ಗುಂಡಿ ತಿರುವುತ್ತ ಕೂತುಬಿಡುತ್ತಿದ್ದ. "ಈ ಮೈಯಾಗ ಬಸ್ಸಿಗೆ ಯಾಕ ಹೊಂಟಿ? ಊಟಕ್ಕ ಕರದ್ರ ಹೋಗಲೇಬೇಕೇನು?" ಅಂತ ಇವತ್ತು ಬೆಳಿಗ್ಗೆ ಕೇಳಿದ್ದ. "ಪಾಪ, ಗುಲ್ಷನ ಭಾಳ ಪ್ರೀತಿಲೆ ಕರದಾಳ್ರಿ" ಅಂದಿದ್ದಳು. ಪ್ರೀತಿಯಂತೆ ಪ್ರೀತಿ! ಫೋನಿನಲ್ಲಿ ಕೇಳಿದ್ದು ಖರೆಯೋ ಸುಳ್ಳೋ ಅಂತ ಕಣ್ಣಾರೆ ನೋಡಬೇಕಾಗಿತ್ತು, ಅಷ್ಟೇ. ಒಂದು ಲಕ್ಷ ನಲವತ್ತೆರಡು ಸಾವಿರವಂತೆ ಗುಲ್ಷನಳ ಪ್ಲೇಟ್‌ಲೆಟ್ ಲೆಕ್ಕ. ಒಂದು ಹನಿ ಸ್ಟಿರಾಯ್ಡ್ ಇಲ್ಲದೆ. ಹದಿನಾಲ್ಕು ದಿನ ಆಂಟಿಬಯೋಟಿಕ್ ನುಂಗಿದ್ದಕ್ಕೆ.

ಗುಲ್ಷನ ಸಿಕ್ಕಿದ್ದು ಆ ದವಾಖಾನೆಯ ಬೆಂಚಿನ ಮೇಲೆ. "ನಿಮ್ದೂ ಪಿಲೇಟೇನ್ರಿ ಅಕ್ಕಾರ?" ಅಂತ ತಾನಾಗಿ ಮಾತಿಗಿಳಿದಿದ್ದಳು. ಗಜೇಂದ್ರಗಡದಾಕಿ, ಗಂಡ ಮೋದಿನಸಾಬನದು ಬಳೆ ಅಂಗಡಿ, ಓದಿದ್ದು ಮೂರನೇ ಇಯತ್ತೆ. ಪುಷ್ಪಾವತಿ ಬಿ.ಎ., ರೋಣದ ಹೈಸ್ಕೂಲಿನಲ್ಲಿ ಕ್ಲಾರ್ಕು. ಇಬ್ಬರ ಮುಖವೂ ಸ್ಟಿರಾಯ್ಡಿಗೆ ಉಬ್ಬಿ ಕುಂಬಳಕಾಯಿಯಾಗಿತ್ತು, ಇಬ್ಬರ ಮೊಣಕಾಲ ಕೆಳಗೂ ಸಾಸಿವೆ ಚೆಲ್ಲಿದಂಥ ಕೆಂಪು ಚುಕ್ಕೆ. ನರಗುಂದದ ಮೇಲೆ ಹೋಗುವ ಒಂದೇ ಬಸ್ಸಿಗೆ ಬರತೊಡಗಿದರು. ನರಗುಂದದಲ್ಲಿ ಬಸ್ಸು ಹತ್ತು ನಿಮಿಷ ನಿಂತರೆ ಇಳಿದು, ಎಲ್ಲಿ ಡಾಕ್ಟರು ಕಂಡುಬಿಡುತ್ತಾರೋ ಅಂತ ಆಚೀಚೆ ನೋಡಿ, ಬಿಸಿ ಮಿರ್ಚಿ ಭಜಿ ತಿಂದು ಕಣ್ಣು ಮೂಗು ಒರೆಸಿಕೊಳ್ಳುತ್ತಿದ್ದರು. ಗುಲ್ಷನಳ ರಿಪೋರ್ಟನ್ನು ಇವಳೇ ಓದಿ ಹೇಳಬೇಕಿತ್ತು. "ಅಕ್ಕಾ, ನನ್ನ ಪಿಲೇಟ ಎಷ್ಟೈತಿ ನೋಡು." "ಹದಿನಾಲ್ಕು." "ನಿಂದು?" "ಹದಿನೇಳು." "ನೀ ಪುಣ್ಯಾ ಮಾಡಿ ಬಿಡವಾ." ಯಾವಾಗಲೂ ಎರಡೋ ಮೂರೋ ಸಾವಿರ ಇವಳದೇ ಹೆಚ್ಚು. ಆ ಎರಡು ಮೂರು ಸಾವಿರ ಎಂಥ ಚಲೋ ಅನಿಸುತ್ತಿತ್ತು! ತನಗಿಂತ ಕಡಿಮೆ ಇದ್ದ ಗುಲ್ಷನಳನ್ನು ಪುಷ್ಪಾವತಿ ಒಡಹುಟ್ಟಿದಾಕಿಗಿಂತ ಹೆಚ್ಚು ಪ್ರೀತಿಸಿದ್ದಳು. ಮನೆಯಲ್ಲಿ ಏನಾದರೂ ಸಿಹಿ ಮಾಡಿದರೆ ಡಬ್ಬಿ ಕಟ್ಟಿಕೊಂಡು ಹೋಗಿ ತಿನ್ನಿಸಿದ್ದಳು. ಅದೆಲ್ಲ ಖರೇನೇ ಇತ್ತು. ಹಂಗಾದರೆ ಈಗಿನದು ಏನು? ಮುಂದಿನ ಸೀಟಿನಲ್ಲಿ ಯಾರೋ ಊದಿನಕಡ್ಡಿ ಕಟ್ಟು ಬಿಚ್ಚಿ ಎಣಿಸುತ್ತಿದ್ದರು, ಅದರ ವಾಸನೆಗೆ ಅವಳು ಕಿಟಕಿಯ ಗಾಜು ಸರಿಸಿದಳು.

ಐದು ತಿಂಗಳ ಹಿಂದೆ ಡಾಕ್ಟರು ಇಬ್ಬರನ್ನೂ ಕೂರಿಸಿ ಹೇಳಿದ್ದರು. ಕೆಲವರ ಜಠರದೊಳಗೆ ಕಣ್ಣಿಗೆ ಕಾಣದ ಒಂದು ಹುಳ ಮನೆ ಮಾಡಿರುತ್ತದೆ. ಮೈ ಆ ಹುಳದ ಮೇಲಿನ ಸಿಟ್ಟನ್ನು ಪ್ಲೇಟ್‌ಲೆಟ್ ಮೇಲೆ ತೀರಿಸುತ್ತದೆ. ಹುಳ ಸಿಕ್ಕರೆ ಎರಡು ವಾರ ಆಂಟಿಬಯೋಟಿಕ್. "ಎಲ್ಲಾರಿಗೂ ಹತ್ತೂದಿಲ್ಲ, ಅರ್ಧಾ ಮಂದಿಗೆ ಏರತೈತಿ. ಮೊದಲ ಮಲ ಪರೀಕ್ಷಾ ಮಾಡೂಣು. ಆದ್ರ ಅದಕ್ಕ ಮೊದಲ ಗ್ಯಾಸಿನ ಗುಳಿಗಿ ಹದಿನೈದು ದಿನ ಬಿಡಬೇಕು. ಅದನ್ನ ನುಂಗಿದ್ರ ಹುಳ ಅಡಗಿ ಕೂಡತಾವ, ಪರೀಕ್ಷಾದಾಗ ಸಿಗೂದಿಲ್ಲ." ಹದಿನೈದು ದಿನ ಕಳೆದ ಮೇಲೆ, ಲ್ಯಾಬಿನವರು ಕೊಟ್ಟ ಮುಚ್ಚಳದ ಡಬ್ಬಿಯಲ್ಲಿ ತುಂಬಿಕೊಂಡು, ಅದನ್ನು ಸ್ಟೀಲಿನ ಟಿಫಿನ್ ಡಬ್ಬಿಯೊಳಗಿಟ್ಟು, ಅದರ ಮೇಲೊಂದು ಕೈಚೀಲ ಸುತ್ತಿಕೊಂಡು ಬೆಳಿಗ್ಗೆ ಬಸ್ಸು ಹತ್ತಿದ್ದಳು. ಹತ್ತಿದರೆ ಪಕ್ಕದಲ್ಲೇ ಕೂರಬೇಕೇ ತಮ್ಮ ಹೈಸ್ಕೂಲಿನ ದೇವಿಕಾ ಟೀಚರು! "ಡಬ್ಬ್ಯಾಗ ಏನ ತಂದೀರಿ ಮೇಡಂ, ಉಪ್ಪಿನಕಾಯೇನು?" ಅಂತ ಚೀಲ ಮುಟ್ಟಲು ಬಂದಿದ್ದರು. "ಇಲ್ರಿ, ದೇವರ ಪ್ರಸಾದ" ಅಂದಿದ್ದಳು ಪುಷ್ಪಾವತಿ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡು ನರಗುಂದದವರೆಗೆ ಬೆವರಿದ್ದಳು. ಆ ಸುಳ್ಳನ್ನು ನೆನೆಸಿಕೊಂಡರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಒಂದು ಸುಳ್ಳಿಗೆ ಇಷ್ಟು ನಾಚುವ ಹೆಂಗಸು ತಾನು, ಅಂತ ಅವಳಿಗೆ ತನ್ನ ಬಗ್ಗೆ ಒಳ್ಳೆಯ ಅಭಿಪ್ರಾಯವೂ ಇತ್ತು.

ಅವತ್ತು ಡಾಕ್ಟರ ಖೋಲಿಗೆ ಇಬ್ಬರೂ ಕೂಡಿಯೇ ಹೋಗಿದ್ದರು, ಮೊದಲು ಗುಲ್ಷನಳ ಪಾಳಿ. ಬಾಗಿಲು ತೆರೆದೇ ಇತ್ತು, ಏಳೆಂಟು ಮಂದಿ ಹೊರಗೆ. "ಗ್ಯಾಸಿನ ಗುಳಿಗಿ ಬಿಟ್ಟೀ ಇಲ್ಲವಾ?" "ಎಲ್ಲಾ ಗುಳಿಗಿ ಬಿಟ್ಟೀನ್ರಿ ಸಾಹೇಬ್ರ. ಗ್ಯಾಸಿಂದಷ್ಟ ತಗೊಂಡೇನ್ರಿ. ಅದೇನ ಗುಳಿಗಿ ಏನ್ರಿ?" ಹೊರಗಿದ್ದವರೆಲ್ಲ ಗೊಳ್ಳೆಂದರು. ಆದರೆ ಅದರಲ್ಲಿ ನಗುವಂಥದ್ದೇನಿತ್ತು? ಇಡೀ ಗದಗ ಜಿಲ್ಲೆಯಲ್ಲಿ ಗ್ಯಾಸಿನ ಗುಳಿಗೆಯನ್ನು ಗುಳಿಗೆ ಅಂತ ಯಾರು ಎಣಿಸುತ್ತಾರೆ? ಎದ್ದ ಕೂಡಲೇ ಹಲ್ಲುಜ್ಜಿ, ಅದೊಂದು ನುಂಗಿ, ಆಮೇಲೆ ಚಹಾ. ಮದುವೆಗೆ ಹೋದರೆ ಅಡಿಕೆ ಎಲೆಯ ಜೊತೆ ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಾರೆ. ಏನು ಔಷಧ ತಗೊಂತೀರಿ ಅಂತ ಕೇಳಿದರೆ, ಏನಿಲ್ರಿ ಅಂತಲೇ ಅನ್ನುತ್ತಾರೆ. ಡಾಕ್ಟರಿಗೆ ಅದೆಲ್ಲ ತಿಳಿಯಲಿಲ್ಲ. ಗುಲ್ಷನ ತಂದ ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿಸಿದರು, "ಕಿವ್ಯಾಗ ಏನ ಇಟ್ಕೊಂಡಿದ್ದಿ? ನನ್ನ ಟೈಮಿಗೆ ಕಿಮ್ಮತ್ತಿಲ್ಲೇನು?" ಅಂತ ಗದರಿದರು, ಇನ್ನೂ ಹದಿನೈದು ದಿನ ಬಿಟ್ಟು ಬಾ ಅಂದರು. ಆಮೇಲೆ ಪುಷ್ಪಾವತಿಯ ಕಡೆ ತಿರುಗಿ, "ನೀವು ಬಿಟ್ಟೀರಲ್ರಿ?" ಅಂದರು. ಅವಳು ಹೌದೆಂದು ಗೋಣು ಹಾಕಿದಳು. "ನೋಡವಾ, ಇವರನ್ನ ನೋಡಿ ಕಲಿ. ಓದಿದವರು ಅಂದ್ರ ಹಿಂಗ ಇರಬೇಕು." ಗುಲ್ಷನ ತಲೆ ತಗ್ಗಿಸಿ ಸೆರಗಿನ ತುದಿ ಸುತ್ತುತ್ತ ನಿಂತಿದ್ದಳು. ಪುಷ್ಪಾವತಿಗೆ ಎಷ್ಟೋ ದಿನದ ಮೇಲೆ ಬೆನ್ನು ನೆಟ್ಟಗಾಗಿತ್ತು. ಬಸ್ಸು ತಗ್ಗಿನಲ್ಲಿ ಹಾರಿತು; ಅವಳು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು, ಹೊರಗೆ ಬಿಳಿಜೋಳದ ಹೊಲಗಳನ್ನು ನೋಡತೊಡಗಿದಳು.

ಇವಳ ರಿಪೋರ್ಟಿನಲ್ಲಿ ಹುಳ ಇಲ್ಲ ಅಂತ ಬಂತು. ಮೂರು ವಾರದ ಮೇಲೆ ಗುಲ್ಷನಳದರಲ್ಲಿ ಐತಿ ಅಂತ ಬಂತು. "ಅಕ್ಕಾ, ನನ್ನ ಹೊಟ್ಯಾಗ ಹುಳ ಐತಂತ" ಅಂತ ಅಳುತ್ತ ಫೋನು ಮಾಡಿದಾಗ, "ಹೆದರಬ್ಯಾಡ, ಗುಳಿಗಿ ತಗೋ, ಹೋಗ್ತಾವ" ಅಂತ ದೊಡ್ಡಾಕಿಯ ಹಂಗೆ ಸಮಾಧಾನ ಹೇಳಿದ್ದಳು. ಒಂದು ತಿಂಗಳಿಗೆ ಅರವತ್ನಾಲ್ಕು ಸಾವಿರ. ಎರಡು ತಿಂಗಳಿಗೆ ತೊಂಬತ್ತು. ಗುಲ್ಷನಳಿಗೆ ಬರೆಯಲು ಬರುವುದಿಲ್ಲ, ವಾಟ್ಸಪ್ಪಿನಲ್ಲಿ ಮಾತಾಡಿ ಕಳಿಸುತ್ತಾಳೆ, ಪ್ರತಿಯೊಂದರ ಕೊನೆಗೆ "ಅಕ್ಕಾ, ನೀ ಹ್ಯಾಂಗದಿ?" ಅಂತ ಒಂದು ಬಾಲ. ಆ ಬಾಲ ಕೇಳಿದರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಹ್ಯಾಂಗದೀನಿ ಅಂದ್ರ? ಹದಿನೆಂಟು ಸಾವಿರಕ್ಕ ಹ್ಯಾಂಗ ಇರಬೇಕೋ ಹಂಗದೀನಿ. ಆಮೇಲಾಮೇಲೆ ಅವನ್ನು ತೆರೆಯುವುದನ್ನೇ ಬಿಟ್ಟಳು, ಫೋನು ಬಂದರೆ ಎತ್ತದೆ ಬೋರಲು ಹಾಕಿದಳು. ಮೊನ್ನೆ ಒಂದು ಸಲ ಮಾತ್ರ ತಪ್ಪಿ ಎತ್ತಿದ್ದಕ್ಕೆ ಹೊಸ ಲೆಕ್ಕವೂ ಊಟದ ಕರೆಯೂ ಕಿವಿಗೆ ಬಿದ್ದಿದ್ದವು. ಒಂದು ದಿನ ಆಫೀಸಿನಲ್ಲಿ ಹಾಜರಿ ಪುಸ್ತಕಕ್ಕೆ ಗೀಟು ಎಳೆಯುವಾಗ, ಹುಳ ಮತ್ತ ಬರಬಾರದೇನು ಆಕಿಗೆ ಅನ್ನುವ ವಿಚಾರ ಸುಮ್ಮನೆ, ನೊಣ ಬಂದು ಕೂತ ಹಂಗೆ ಬಂದು ಕೂತಿತು. ಥೂ, ಇದೆಂಥ ಹಾಳು ಬುದ್ಧಿ ಅಂತ ಝಾಡಿಸಿದಳು. ಅದು ಹಾರಿ ಮತ್ತೆ ಅಲ್ಲೇ ಬಂದು ಕೂತಿತು. ಆದರೆ ಇದಕ್ಕಿಂತ ಕೆಳಗೆ ಇನ್ನೊಂದಿತ್ತು, ಅದನ್ನು ಅವಳು ಮುಟ್ಟುತ್ತಲೇ ಇರಲಿಲ್ಲ. ಬಾಯಿಯಲ್ಲಿ ಹುಣ್ಣಿದ್ದ ಕಡೆ ಅನ್ನ ಜಗಿಯದ ಹಾಗೆ, ಮನಸ್ಸು ಅದನ್ನು ಸರಿಸಿ ಈ ಕಡೆಯಿಂದಲೇ ಓಡಾಡುತ್ತಿತ್ತು.

ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಪಂಖಗಳು ತಿರುಗುತ್ತಿದ್ದವು. ಸ್ಟ್ಯಾಂಡಿನಲ್ಲಿ ಗುಲ್ಷನ ನಿಂತಿದ್ದಳು. ಮೊದಲ ನೋಟಕ್ಕೆ ಗುರುತೇ ಹತ್ತಲಿಲ್ಲ. ಕುಂಬಳಕಾಯಿ ಇಳಿದು ಕೆಳಗಿನಿಂದ ಒಂದು ಮುಖ ಹೊರಗೆ ಬಂದಿತ್ತು, ಗದ್ದ ಇತ್ತು, ಕೆನ್ನೆಯಲ್ಲಿ ಕುಳಿ ಇತ್ತು. ಇಷ್ಟು ಚೆಂದ ಇದ್ದಳೇ ಈಕಿ? "ಅಕ್ಕಾ!" ಅಂತ ಓಡಿ ಬಂದವಳು ಅಪ್ಪಿಕೊಳ್ಳಲು ಕೈ ಚಾಚಿ, ಏನೋ ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡಳು. "ನಿನಗ ಕಲಿ ಬೀಳ್ತಾವ ಅಂತ ಮರತ್ಬಿಟ್ಟೆ ನೋಡು." ಅಪ್ಪಿಕೊಂಡಿದ್ದರೆ ಬೀಳುತ್ತಿದ್ದ ಕಲೆಗಿಂತ ಆ ಹಿಂದೆ ಹೋದ ಕೈ ಹೆಚ್ಚು ನೋಯಿಸಿತು. ಮರೆಯುವುದು ಸಾಧ್ಯವಾಗಿದೆಯಲ್ಲ ಈಕೆಗೆ! ಎರಡು ವರ್ಷ ಇಬ್ಬರೂ ಮಂದಿಯ ನಡುವೆ ಮೈ ಹಿಡಿ ಮಾಡಿಕೊಂಡು ನಡೆದದ್ದನ್ನು ಮೂರು ತಿಂಗಳಲ್ಲಿ ಮರೆತಿದ್ದಾಳೆ. ಓಣಿಯಲ್ಲಿ ಗುಲ್ಷನ ಎದುರು ಬಂದ ಸೈಕಲ್ಲಿಗೆ ಸರಿಯಲೂ ಇಲ್ಲ, ಸೈಕಲ್ಲೇ ಸರಿದು ಹೋಯಿತು.

ಮನೆಯ ಮುಂದಿನ ಖೋಲಿಯೇ ಬಳೆ ಅಂಗಡಿ. ಮೋದಿನಸಾಬ ಎದ್ದು, "ಬರ್ರಿ ಅಕ್ಕಾರ, ಭಾಳ ದಿನಕ್ಕ ಬಂದ್ರಿ. ನೀವು ಬರೂತನಾ ಇಡಿಸ್ಕೊಳ್ಳೂದಿಲ್ಲಂತ ಹಟಾ ಹಿಡದಾಳ" ಅಂದ. ಏನು ಅಂತ ಇವಳಿಗೆ ತಿಳಿಯಲಿಲ್ಲ. ಪಕ್ಕದ ಮನೆಯ ಮುದುಕಿ ಕಳಕವ್ವ ಕಟ್ಟೆಗೆ ಕೂತವಳು ಹೇಳಿದಳು: "ಬಳಿಗಾರನ ಹೇಂತಿ ಎರಡ ವರ್ಸ ಬರಿಗೈಲೆ ಅಡ್ಡ್ಯಾಡ್ಯಾಳವಾ. ನೋಡವರ ಬಾಯಿ ಮುಚ್ಚಾಕ ಆಗತದೇನು? ಇವತ್ತ ಇಡಸ್ತಾನ." ಹೌದು, ಗಾಜಿನ ಬಳೆ ಇಡಿಸಿಕೊಂಡರೆ ಮುಂಗೈ ಕಪ್ಪಾಗುತ್ತದೆ ಅಂತ ಇಬ್ಬರೂ ಬಿಟ್ಟಿದ್ದರು, ಪುಷ್ಪಾವತಿ ಪ್ಲಾಸ್ಟಿಕ್ಕಿನದೊಂದೊಂದು ಹಾಕಿಕೊಂಡಿದ್ದಳು, ಗುಲ್ಷನ ಅದನ್ನೂ ಒಲ್ಲೆ ಅಂದಿದ್ದಳು. ಮೋದಿನಸಾಬ ಚಾಪೆಯ ಮೇಲೆ ಕೂತು ಹೆಂಡತಿಯ ಕೈ ತೊಡೆಯ ಮೇಲಿಟ್ಟುಕೊಂಡ. ಸಾವಿರ ಹೆಂಗಸರ ಕೈ ಹಿಡಿದ ಮನುಷ್ಯ, ತನ್ನ ಹೆಂಡತಿಯ ಹೆಬ್ಬೆರಳು ಮಡಚುವಾಗ ಹೆದರಿದ. "ನೋಯತೈತೇನ?" "ಇಲ್ರಿ, ಹಾಕ್ರಿ." ಹಸಿರು ಚುಕ್ಕಿಯ ಬಳೆ ಗೆಣ್ಣಿನ ಮೇಲೆ ಒಂದು ಕ್ಷಣ ಬಿಗಿಯಾಗಿ ನಿಂತು, ಜಾರಿ ಕೆಳಗಿಳಿಯಿತು. ಒಂದು, ಎರಡು, ಆರು. ಕಳಕವ್ವ ಗಲ್ಲಕ್ಕೆ ಬೆರಳು ಹಚ್ಚಿ ಲಟಿಕೆ ಮುರಿದಳು. ಪುಷ್ಪಾವತಿ ಗುಲ್ಷನಳ ಹೆಬ್ಬೆರಳಿನ ಬುಡವನ್ನೇ ನೋಡುತ್ತ ಕೂತಿದ್ದಳು. ಬಳೆ ಒತ್ತಿದ ಜಾಗ ಮೊದಲು ಬಿಳಿಚಿ, ಆಮೇಲೆ ಕೆಂಪಾಯಿತು. ಈಗ ನೀಲಿಯಾಗಬೇಕು. ಆಗಬೇಕು. ಎಷ್ಟು ಹೊತ್ತು ಬೇಕು ಅಂತ ಅವಳಿಗೆ ಗೊತ್ತಿತ್ತು. ಐದು ನಿಮಿಷ, ಹತ್ತು ನಿಮಿಷ. ಗುಲ್ಷನ ನಗುತ್ತ ಏನೋ ಹೇಳುತ್ತಿದ್ದಳು, ಮೋದಿನಸಾಬ ಶರಬತ್ತು ತಂದುಕೊಟ್ಟ, ಇವಳು ಹೂಂ ಹೂಂ ಅನ್ನುತ್ತ ಆ ಕೈಯ ಮೇಲೆಯೇ ಕಣ್ಣಿಟ್ಟಿದ್ದಳು. ಕೆಂಪು ಇಳಿಯಿತು. ಕೈ ಕೈಯ ಬಣ್ಣಕ್ಕೆ ಬಂತು. ಅಷ್ಟೇ. ಹತ್ತು ನಿಮಿಷ ತಾನು ಏನು ಬೇಡಿಕೊಳ್ಳುತ್ತಿದ್ದೆ ಅನ್ನುವುದು ಆಗ ಹೊಳೆದು, ಶರಬತ್ತಿನ ಲೋಟ ಕೆಳಗಿಟ್ಟು ಮುಖ ತಿರುಗಿಸಿದಳು.

ಊಟಕ್ಕೆ ಒಳಗಿನ ಖೋಲಿಯಲ್ಲಿ ಇಬ್ಬರೇ ಕೂತರು. ಕಟಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಗೋದಿ ಹುಗ್ಗಿ. "ಹೊಸಾ ಪಾತೇಲ್ಯಾಗ ಮಾಡೀನಕ್ಕಾ, ಹೆದರದ ಉಣ್ಣು" ಅಂದಳು ಗುಲ್ಷನ. ಪುಷ್ಪಾವತಿ ಕೈ ತೊಳೆದುಕೊಂಡು ಬಂದು, ಪರ್ಸಿನಿಂದ ಪಟ್ಟಿ ತೆಗೆದು, ಒಂದು ಗುಳಿಗೆ ಒತ್ತಿ ಬಾಯಿಗೆ ಹಾಕಿ ನೀರು ಕುಡಿದಳು. ಬೆಳಿಗ್ಗೆಯದು ಅವಸರದಲ್ಲಿ ತಪ್ಪಿತ್ತು. ಗುಲ್ಷನ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಏನದು?"

"ಏನಿಲ್ಲ, ಗ್ಯಾಸಿಂದು."

ಅಂದ ಮೇಲೆ ಆ ಶಬ್ದ ಇಬ್ಬರ ನಡುವೆ ಬಂದು ಕೂತಿತು. ಗುಲ್ಷನ ಎಡಗೈಯಿಂದ ಹುಗ್ಗಿಯ ಬಟ್ಟಲು ಇತ್ತ ಸರಿಸಿದಳು, ಅತ್ತ ಸರಿಸಿದಳು, ಹೊಸ ಬಳೆಗಳು ಸದ್ದು ಮಾಡಿದವು. "ಅಕ್ಕಾ, ಅವತ್ತ ಪರೀಕ್ಷಾಕ್ಕ ಕೊಟ್ಟಾಗ ಇದನ್ನ ಬಿಟ್ಟಿದ್ದಿ ಹೌದಿಲ್ಲೋ? ಖರೇ ಹೇಳು."

ಅದು, ಮುಟ್ಟದೆ ಇಟ್ಟಿದ್ದ ಅದು, ಈಗ ಎದ್ದು ನಿಂತಿತು. ಬಿಟ್ಟಿದ್ದಳು, ನಾಲ್ಕು ದಿನ. ಐದನೆಯ ದಿನ ಸ್ಟಿರಾಯ್ಡಿನ ಉರಿ ಎದೆಯಿಂದ ಗಂಟಲಿಗೆ ಹತ್ತಿ, ನೆಲದ ಮೇಲೆ ಹೊರಳಾಡಿ, ಒಂದಕ್ಕೇನಾಗತೈತಿ ಅಂತ ನುಂಗಿದ್ದಳು. ಆಮೇಲೆ ದಿನಾ. ಪರೀಕ್ಷೆಯ ದಿನ ಬೆಳಿಗ್ಗೆ ದವಾಖಾನೆಯಲ್ಲೂ. ಗುಲ್ಷನಳಿಗೆ ಬೈದಿದ್ದನ್ನು ಕಣ್ಣಾರೆ ನೋಡಿ, ಮಂದಿ ಗೊಳ್ಳೆಂದದ್ದನ್ನು ಕೇಳಿ, ಡಾಕ್ಟರು ತನ್ನ ಕಡೆ ತಿರುಗಿದಾಗ ಬಾಯಿಂದ ಶಬ್ದವನ್ನೂ ತೆಗೆಯದೆ ಬರೀ ಗೋಣು ಹಾಕಿದ್ದಳು. ಅಷ್ಟೇ ಮಾಡಿದ್ದು. ಹುಳ ಇಲ್ಲ ಅಂತ ಬಂದ ಮೇಲೆ, ರಿಪೋರ್ಟು ಅಂದರೆ ರಿಪೋರ್ಟು, ಇದ್ದಿದ್ದರೆ ಒಂದಾದರೂ ಸಿಗುತ್ತಿರಲಿಲ್ಲವೇ ಅಂದುಕೊಂಡಳು. ಗುಲ್ಷನಳ ಲೆಕ್ಕ ಏರತೊಡಗಿದ ಮೇಲೆ ಹೇಳಬಹುದಿತ್ತು. ಆದರೆ ಆಗ ಹೇಳುವುದೆಂದರೆ ಮೂರನೇ ಇಯತ್ತೆಯ ಈಕೆ ಖರೇ ಹೇಳಿ ಬೈಸಿಕೊಂಡು ಗುಣವಾದಳು, ಓದಿದ ನಾನು ಸುಳ್ಳು ಹೇಳಿ ಶಾಣೇ ಅನ್ನಿಸಿಕೊಂಡು ಹೀಗೆ ಕೂತೆ ಅಂತ ಒಪ್ಪಿಕೊಳ್ಳುವುದು. ವಾರ ವಾರಕ್ಕೆ ಅದು ಇನ್ನಷ್ಟು ಕಠಿಣವಾಗುತ್ತ ಹೋಯಿತು. ಕೊನೆಗೆ ಹೊಟ್ಟೆ ಕೊಯ್ಯಿಸಿಕೊಳ್ಳುವುದೇ ಅದಕ್ಕಿಂತ ಹಗುರ ಅನಿಸಿತು. ಹಗುರ! ಹುಚ್ಚು ಹಿಡಿದಿತ್ತೇನು ತನಗೆ?

"ಬಿಟ್ಟಿದ್ದೆ" ಅಂದಳು ಪುಷ್ಪಾವತಿ. "ಹದಿನೈದು ದಿನಾನೂ ಬಿಟ್ಟಿದ್ದೆ. ನಿನ್ನಂಗ ತಿಳಕೊಂಡಿ ಏನ ನನ್ನ?"

ಗುಲ್ಷನ ಅವಳ ಮುಖವನ್ನೇ ನೋಡಿದಳು. ಹುಗ್ಗಿಯ ಬಟ್ಟಲು ಮುಂದೆ ಇಟ್ಟು, "ಉಣ್ಣಕ್ಕಾ, ಆರಿ ಹೋಗತೈತಿ" ಅಂದಳು. ಆಮೇಲೆ ಇಬ್ಬರೂ ಉಂಡರು. ಹುಗ್ಗಿ ಚಲೋ ಆಗಿತ್ತು. ಚಲೋ ಆಗೈತಿ ಅಂತ ಪುಷ್ಪಾವತಿ ಎರಡು ಸಲ ಹೇಳಿದಳು.

ಮೂರು ಗಂಟೆಯ ಬಸ್ಸಿಗೆ ಗುಲ್ಷನಳೇ ಬಿಡಲು ಬಂದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಮೇಲೆ, ಗುಲ್ಷನ ಕೆಳಗೆ ನಿಂತು ಕಿಟಕಿಯ ಸರಳು ಹಿಡಿದುಕೊಂಡಳು. "ಗುರುವಾರ ನಾನೂ ಬರ್ತೀನಿ ದವಾಖಾನಿಗೆ. ನೀ ಒಳಗ ಹೋಗೂತನಾ ಜೋಡಿ ಇರ್ತೀನಿ" ಅಂದಳು. ಕಣ್ಣು ತುಂಬಿ ಬಂದಿದ್ದವು. ಈ ಕರುಣೆ! ಒಂದೂವರೆ ಲಕ್ಷದ ಹತ್ತಿರ ನಿಂತು ಹದಿನೆಂಟು ಸಾವಿರದಾಕಿಗೆ ತೋರಿಸುವ ಕರುಣೆ! ಇದನ್ನು ಗುರುವಾರದತನಕ, ಆಮೇಲೆ ಹಾಸಿಗೆಯಲ್ಲಿ ಮಲಗಿ, ಆಮೇಲೆ ಬದುಕಿದ್ದಷ್ಟು ದಿನ ತಿನ್ನಬೇಕು. ಪುಷ್ಪಾವತಿಯ ಮೈಯಲ್ಲಿ ಬೆಂಕಿ ಹೊತ್ತಿತು, ಆ ಉರಿಯ ಭರದಲ್ಲೇ ಮಾತು ಹೊರಗೆ ಬಿತ್ತು.

"ಬರಬ್ಯಾಡ ನೀ. ನಾ ಬಿಟ್ಟಿರಲಿಲ್ಲ. ಅವತ್ತ ಮುಂಜಾನೀನೂ ಗುಳಿಗಿ ತಗೊಂಡಿದ್ದೆ. ಡಾಕ್ಟರ ಮುಂದೂ ಸುಳ್ಳ ಹೇಳಿದೆ, ಈಗ ನಿನ್ನ ಮುಂದೂ ಹೇಳಿದೆ. ಸಾಕೇನು? ಸಮಾಧಾನ ಆತೇನು?"

ಬಸ್ಸಿನಲ್ಲಿದ್ದ ನಾಲ್ಕು ಮಂದಿ ತಿರುಗಿ ನೋಡಿದರು. ಗುಲ್ಷನ ಒದರಲಿಲ್ಲ, ಹಣೆ ಬಡಿದುಕೊಳ್ಳಲಿಲ್ಲ. ಅವಳ ಕೈ ಸರಳು ಬಿಟ್ಟಿತು.

"ನನಗ ಗೊತ್ತೈತಕ್ಕಾ" ಅಂದಳು. "ಕೆಳಗ ಇಳಿ. ಇಳಿ, ಹೇಳ್ತೀನಿ."

"ಬಾಯಾರ, ಬರೂದೈತೋ ಇಳಿಯೂದೈತೋ?" ಅಂತ ಕಂಡಕ್ಟರು ಸೀಟಿ ಬಾಯಲ್ಲಿಟ್ಟುಕೊಂಡು ಕೇಳಿದ. ಪುಷ್ಪಾವತಿ ಇಳಿದಳು. ಬಸ್ಸು ಹೋಯಿತು. ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ಗುಲ್ಷನ ಇವಳನ್ನು ನೋಡದೆ, ಎದುರಿನ ಟೈಮ್‌ಟೇಬಲ್ಲಿನ ಬೋರ್ಡಿಗೆ ಹೇಳುತ್ತಿರುವಂತೆ ಹೇಳಿದಳು.

"ಅವತ್ತ ದವಾಖಾನ್ಯಾಗ ನಳದ ಹತ್ರ ನೀ ಗ್ವಾಡಿ ಕಡೆ ಮುಖಾ ಮಾಡಿ ನುಂಗಿದಿ. ನಾ ಹಿಂದ ಬಾಯಿ ತೊಳ್ಯಾಕ ನಿಂತಿದ್ದೆ. ಪಟ್ಟಿ ಬಣ್ಣಾ ನೋಡಿದ ಕೂಡಲೇ ತಿಳೀತು, ನನ್ನ ಮನ್ಯಾಗೂ ಅದ ಐತಲ್ಲ. ಓದಿದಾಕಿ ತಗೊಂತಾಳ ಅಂದಮ್ಯಾಲೆ ಏನೂ ಆಗೂದಿಲ್ಲ ಅಂತ ನಾ ಧೈರ್ಯಾ ಮಾಡಿ ಡಾಕ್ಟರ ಮುಂದ ಖರೇ ಹೇಳಿದೆ. ನನ್ನ ಮರ್ಯಾದಿ ಬೀದಿಗೆ ಬಿತ್ತು. ನಿನಗ ಶಾಣೇ ಅಂದ್ರು. ನಾ ಬಾಯಿ ತಗದಿದ್ರ ಅಲ್ಲೇ ಮುಗೀತಿತ್ತು ಅಕ್ಕಾ, ನಿನ್ನ ಡಬ್ಬೀನೂ ಬುಟ್ಟಿಗೆ ಹೋಗತಿತ್ತು. ತಗೀಲಿಲ್ಲ. ಹೊಟ್ಟಿ ಉರೀತು. ಶಾಣೇ ಅದಿಯಲ್ಲ, ಅನುಭೋಗಸು ಅಂದೆ ಮನಸಿನಾಗ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಯಾವಾಗ್ಲೂ ನಿಂದ ಹೆಚ್ಚ ಇರತಿತ್ತು. ರಿಪೋರ್ಟ ಓದುವಾಗ ನನ್ನ ಲೆಕ್ಕಾ ಹೇಳಿ ನೀ ಒಂದ ನಮೂನಿ ಉಸರ ಬಿಡತಿದ್ದಿ. ನನಗ ತಿಳೀತಿರಲಿಲ್ಲೇನು? ಆಮ್ಯಾಲ ನನಗ ಆರಾಮಾಗ್ತಾ ಬಂತು. ನಿನಗ ಆಪರೇಶನ್ ಅಂದ್ರು. ದಿನಾ ಫೋನ ಹಚ್ಚತಿದ್ದೆ ಹೇಳಬೇಕಂತ. ನೀ ಎತ್ತತಿರಲಿಲ್ಲ, ಎತ್ತಲಿಲ್ಲಂದ್ರ ನನಗ ಹಗೂರ ಅನಸ್ತಿತ್ತು. ಇವತ್ತ ಉಣ್ಣಾಕ ಕರದದ್ದೂ ಇದಕ್ಕ. ಉಣ್ಣುವಾಗೂ ನನಗ ಬಾಯಿ ಬರಲಿಲ್ಲ, ನಿನ್ನ ಬಾಯಿಲೇ ಹೇಳಸಬೇಕಂತ ಮಾಡಿದೆ. ಈಗ ನೀ ನನ್ನ ಹೊಡೀ ಬೇಕಾದ್ರ."

ಪುಷ್ಪಾವತಿಗೆ ಖರೇನೇ ಹೊಡೆಯಬೇಕು ಅನಿಸಿತು. ಐದು ತಿಂಗಳು! ಐದು ತಿಂಗಳು ಮುಖ ಉಬ್ಬಿಸಿಕೊಂಡು, ಹಲ್ಲುಜ್ಜಿದರೆ ರಕ್ತ ಉಗುಳಿಕೊಂಡು ಓಡಾಡಿದ್ದು, ಮೂರು ದಿನದಲ್ಲಿ ಚಾಕು ಬೀಳುವುದಿದ್ದದ್ದು, ಈಕೆ ನೋಡುತ್ತ ಕೂತಿದ್ದಳು. ಒಂದು ಬಳೆ ಒತ್ತಿದ ಜಾಗ ನೀಲಿಯಾಗಲಿ ಅಂತ ತಾನು ಕಾದಷ್ಟು ಹೊತ್ತು ಕಾದಿದ್ದಳು. ಆ ವಿಚಾರ ಬಂದ ಕೂಡಲೇ ಎತ್ತಿದ ಸಿಟ್ಟಿಗೆ ಕೈಕಾಲು ಇಲ್ಲದಂತಾಯಿತು. ಪಕ್ಕದಲ್ಲಿ ಕೂತವಳ ಗದ್ದ, ಕೆನ್ನೆಯ ಕುಳಿ, ಹಸಿರು ಬಳೆ ಎಲ್ಲ ಮೊದಲಿನಂತೆಯೇ ಇದ್ದವು. ಆದರೆ ಈಗ ಅವನ್ನು ನೋಡಿದರೆ ಒಳಗೆ ಏನೂ ಉರಿಯಲಿಲ್ಲ. ದವಾಖಾನೆಯ ಬೆಂಚಿನ ಮೇಲೆ ಕೂತಿದ್ದ ಅದೇ ಹೆಂಗಸು. "ನನ್ನ ಮ್ಯಾಲ ಅಷ್ಟ ಹೊಟ್ಟೀಕಿಚ್ಚಿತ್ತೇನ ನಿನಗ?" ಅಂತ ಕೇಳಿದಳು. ಕೇಳುವಾಗ ದನಿಯಲ್ಲಿ ಒಂದಿಷ್ಟು ಖುಷಿಯೂ ಇತ್ತು. "ಇಲ್ಲೀತನಾ ಇತ್ತು" ಅಂತ ಗುಲ್ಷನ ಗಂಟಲಿಗೆ ಕೈ ಅಡ್ಡ ಹಿಡಿದು ತೋರಿಸಿ, ಅಳುತ್ತ ನಕ್ಕಳು.

ಪುಷ್ಪಾವತಿ ಫೋನು ತೆಗೆದು ಗಂಡನಿಗೆ ಹಚ್ಚಿದಳು. ಸ್ಟ್ಯಾಂಡಿನ ಗದ್ದಲದಲ್ಲಿ ಕೇಳಿಸಲಿ ಅಂತ ಸ್ಪೀಕರ್ ಹಾಕಿದಳು.

"ಯಾಕ, ಏನಾತು? ರಕ್ತ ಬಂತೇನು?" ರಾಯಣ್ಣನ ದನಿ ಹೆದರಿತ್ತು.

"ಏನೂ ಆಗಿಲ್ರಿ. ಗುರುವಾರ ಆಪರೇಶನ್ ಬ್ಯಾಡ. ಡಾಕ್ಟರಿಗೆ ಹೇಳ್ರಿ, ಹುಳದ ಪರೀಕ್ಷಾ ಇನ್ನೊಮ್ಮೆ ಮಾಡಬೇಕಂತ. ಅವತ್ತ ನಾ ಗ್ಯಾಸಿನ ಗುಳಿಗಿ ಬಿಟ್ಟಿರಲಿಲ್ಲ. ಬಿಟ್ಟೀನಿ ಅಂತ ಸುಳ್ಳ ಹೇಳಿದ್ದೆ."

ರಾಯಣ್ಣ ಒಂದೊಂದೇ ಶಬ್ದ ಎತ್ತಿಟ್ಟು ಕೇಳಿದ. "ಐದ ತಿಂಗಳಾತಲ್ಲ ಪುಷ್ಪಾ. ನೀ ಹೇಳಲಿಲ್ಲ, ಆತು. ನಿನ್ನ ಬಿಟ್ಟ ಮತ್ಯಾರಿಗೂ ಗೊತ್ತಿರಲಿಲ್ಲೇನ ಇದು? ಗೊತ್ತಿದ್ದವರು ಒಬ್ಬರೂ ಬಾಯಿ ಬಿಡಲಿಲ್ಲೇನ?"

ಗುಲ್ಷನ ಕೇಳಿಸಿಕೊಂಡಿದ್ದಳು. ಅಳು ನಿಂತಿತ್ತು. ಸೆರಗು ಎಳೆದು ಎರಡೂ ಕೈ ಮುಚ್ಚಿಕೊಂಡು, ಹೆಸರು ಬೀಳುವುದನ್ನೇ ಕಾಯುತ್ತ ನೆಲ ನೋಡುತ್ತಿದ್ದಳು. ಪುಷ್ಪಾವತಿ ಅವಳನ್ನು ನೋಡಿದಳು.

"ಇಲ್ರಿ," ಅಂದಳು. "ಯಾರಿಗೂ ಗೊತ್ತಿರಲಿಲ್ಲ."